ಟವಲಿನ ಕೆಳಗೆ ಮೂರು ಬೆರಳು

ಅದು ನನ್ನ ಮೊದಲನೇ ಮ್ಯಾಚು. ಆಟ ಶುರುವಾಗಿ ಇನ್ನೂ ಕಾಲುಭಾಗ ಮುಗಿದಿರಲಿಲ್ಲ. ಕಲ್ಯಾಣದುರ್ಗದಲ್ಲಿ ಕೂತಿದ್ದ ನನ್ನ ಮಗಳು ಹಿಂದೂಪುರದಲ್ಲಿ ಕೂತಿದ್ದ ನನ್ನ ಕಿವಿಯೊಳಗೆ ಕೂಗಿದಳು: "ಅಪ್ಪಾ, ಗೋಲಿನ ಹತ್ರ ಅವರ ಕಡೇರು ಎಷ್ಟು ಜನ ಅವ್ರೆ? ಬಿರ್ರನೆ ಹೇಳು!"

ಟಿವಿಯಲ್ಲಿ ಮೂರು ಜನ ನನಗೆ ಚೆನ್ನಾಗಿಯೇ ಕಾಣುತ್ತಿದ್ದರು. ನಾನು ಉತ್ತರ ಕೊಟ್ಟೆ ಅಂತಲೇ ತಿಳಿದುಕೊಂಡಿದ್ದೆ. ನೋಡಿದರೆ ಬಾಯಿ ಮುಚ್ಚಿಕೊಂಡೇ ಇತ್ತು. ವಿಡಿಯೋ ಗೇಮಿನ ಕಂಟ್ರೋಲರನ್ನು ತೊಡೆಯ ಮೇಲೆ ಬಿಟ್ಟು, ಹೆಗಲ ಮೇಲಿನ ಟವಲನ್ನು ಕೈಮೇಲೆ ಎಳೆದುಕೊಂಡು, ಅದರ ಕೆಳಗೆ ನನ್ನ ಬಲಗೈ ನನ್ನದೇ ಎಡಗೈಯ ಮೂರು ಬೆರಳನ್ನು ಗಟ್ಟಿಯಾಗಿ ಅಮುಕಿ ಹಿಡಿದಿತ್ತು. ಅಷ್ಟರಲ್ಲಿ ಗೋಲು ಆಗಿಹೋಯ್ತು.

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು. "ಯಾರಿಗ್ರೀ ಬೆರಳು ಹಿಡೀತಿದ್ದೀರಾ, ಟಿವಿಗಾ?"

ನೀವೂ ನಗಿ, ಪರವಾಗಿಲ್ಲ. ನಮ್ಮಪ್ಪ ದನದ ದಲ್ಲಾಳಿ, ನಾನು ಹುಣಸೆಹಣ್ಣಿನ ದಲ್ಲಾಳಿ. ಸರಕು ಬದಲಾಯ್ತು, ಟವಲು ಬದಲಾಗಲಿಲ್ಲ. ಕೊಳ್ಳೋನೂ ಮಾರೋನೂ ಟವಲಿನ ಕೆಳಗೆ ಕೈ ಕೊಡಬೇಕು, ಬೆರಳು ಹಿಡಿದು ಬೆಲೆ ಹೇಳಬೇಕು. ಸುತ್ತ ನಿಂತವರಿಗೆ ಇಬ್ಬರ ಮುಖ ಬಿಟ್ಟು ಬೇರೇನೂ ಕಾಣಬಾರದು, ಆ ಮುಖದಲ್ಲೂ ಏನೂ ಇರಬಾರದು. ಈಗ ಮಾರ್ಕೆಟ್ ಯಾರ್ಡಿನಲ್ಲಿ ಹರಾಜು ಕಂಪ್ಯೂಟರಿಗೆ ಹೋಗಿದೆ. ಆದರೂ ನಮ್ಮ ಮಂಡಿ ಸಾಲಿನ ಹಳಬರು ನಾಲ್ಕೈದು ಜನ ಒಳಮಾತಿಗೆ ಇವತ್ತಿಗೂ ಟವಲನ್ನೇ ನಂಬೋದು. ಯಾರಾದರೂ 'ಎಷ್ಟು' ಅಂದರೆ ಸಾಕು, ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಕೈ ತಾನಾಗಿ ಟವಲು ಹುಡುಕುತ್ತದೆ. 'ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು' ಅಂತ ನಮ್ಮಪ್ಪ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ನಾನು ಚೆನ್ನಾಗಿ ಕಲಿತೆ. ಬೇಕಾದ್ದಕ್ಕಿಂತ ಚೆನ್ನಾಗಿ ಕಲಿತೆ.

ಐವತ್ತೆಂಟು ವರ್ಷದ ದಲ್ಲಾಳಿ ವಿಡಿಯೋ ಗೇಮಿನ ಲೀಗಿಗೆ ಸೇರಿದ್ದು ಅಳಿಯನ ದೆಸೆಯಿಂದ. ಕಲ್ಯಾಣದುರ್ಗದಲ್ಲಿ ಅವನದು ಮೊಬೈಲ್ ರಿಪೇರಿ ಅಂಗಡಿ. ಅವನೂ ನನ್ನ ಮಗಳೂ ಆನ್‌ಲೈನ್ ಫುಟ್‌ಬಾಲಿಗೆ ಒಂದು ಟೀಮು ಕಟ್ಟಿದ್ದರು. ಒಬ್ಬನೇ ಕೂತು ಇಡೀ ಟೀಮನ್ನು ಆಡಿಸೋ ಆಟ ಅಲ್ಲ ಇದು. ಹನ್ನೊಂದು ಜನ ಹನ್ನೊಂದು ಮನೆಯಲ್ಲಿ ಕೂತು, ಒಬ್ಬೊಬ್ಬರು ಒಬ್ಬೊಬ್ಬ ಆಟಗಾರನನ್ನು ಆಡಿಸಬೇಕು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಬ್ಬರಿಗೊಬ್ಬರು ಮಾತಾಡಿಕೊಳ್ಳಬೇಕು. ಭಾನುವಾರ ಸಾಯಂಕಾಲ ಐದಕ್ಕೆ ಮ್ಯಾಚು, ಹನ್ನೊಂದು ಜನ ಸೇರದಿದ್ದರೆ ಪಾಯಿಂಟ್ ಕಟ್. ಅವರ ಗೋಲ್‌ಕೀಪರ್ ಆಗಿದ್ದವರು ಸೆಟ್ಟೂರಿನ ಒಬ್ಬ ಮೇಷ್ಟ್ರು. ಪಾಪ, ಟ್ರಾನ್ಸ್‌ಫರ್ ಆಗಿ ನೆಟ್‌ವರ್ಕೇ ಸಿಗದ ಊರಿಗೆ ಹೋಗಿಬಿಟ್ಟರು. ಕೀಪರ್ ಆಗೋಕೆ ಬೇರೆ ಯಾರೂ ಒಪ್ಪಲಿಲ್ಲ. ಗೋಲು ಹೊಡೆದರೆ ಹೊಡೆದವನಿಗೆ ಹೆಸರು, ಗೋಲು ಬಿದ್ದರೆ ಕೀಪರಿಗೆ ಬೈಗುಳ, ಯಾರು ಒಪ್ತಾರೆ?

"ಮಾವಾ, ಊರ್ಕೇ, ಸುಮ್ಕೆ ನಿಂತ್ಕೊಂಡಿದ್ರೂ ಸಾಕು. ನೀವ್ ಬತ್ತೀರಾ?" ಅಂತ ಅಳಿಯ ಫೋನಿನಲ್ಲಿ ತಮಾಷೆಗೆ ಕೇಳಿದ.

"ಬತ್ತೀನಿ" ಅಂದೆ. ಅವನು ನಿಜಾನಾ ಅಂತ ಎರಡು ಸಲ ಕೇಳಿದ.

ಒಪ್ಪಿದ್ದು ಆಟದ ಆಸೆಗಲ್ಲ, ಮಗಳ ದನಿಯ ಆಸೆಗೆ. ಅವಳು ಫೋನ್ ಮಾಡಿದರೆ ನನಗೆ ಮೂರೇ ಮಾತು. ಊಟ ಆಯ್ತಾ ಅಪ್ಪಾ. ಬಿಪಿ ಮಾತ್ರೆ ತಗೊಂಡ್ಯಾ. ಅಮ್ಮಂಗೆ ಕೊಡು. ಜಗಳ ಇಲ್ಲ, ಮುನಿಸಿಲ್ಲ, ಮಾತೂ ಇಲ್ಲ. ವಾರಕ್ಕೊಂದು ಗಂಟೆ ಕಿವಿಯೊಳಗೆ ಕೂತು ಬೈದರೂ ಸರಿ, ಮಾತಾಡಲಿ ಅನ್ನಿಸಿತು.

ಹೀಗಾಗಿದ್ದಕ್ಕೆ ಕಾರಣ ನಾನು. ಅದು ನನಗೊಬ್ಬನಿಗೇ ಗೊತ್ತಿತ್ತು.

ಹೈಸ್ಕೂಲಿನಲ್ಲಿ ಅವಳು ಫುಟ್‌ಬಾಲ್ ಆಡುತ್ತಿದ್ದಳು. ಟಿವಿಯಲ್ಲಲ್ಲ, ಮಣ್ಣಿನಲ್ಲಿ. ಮೊಣಕಾಲಿನ ಗಾಯ ಒಣಗುವುದರೊಳಗೆ ಇನ್ನೊಂದು ಮಾಡಿಕೊಂಡು ಬರೋಳು. ಅವಳಿಗೆ ಹದಿನೈದಿದ್ದಾಗ ಒಂದು ದಿನ ಸ್ಕೂಲಿನಲ್ಲಿ ಆಟ ಕಲಿಸೋ ಪಿ.ಇ.ಟಿ. ಸಾರು ಯಾರ್ಡಿನ ನನ್ನ ಹುಣಸೆ ಮಂಡಿಗೆ ಬಂದರು. ಹುಡುಗಿಯರ ರಾಜ್ಯ ಕ್ಯಾಂಪಿಗೆ ನಿಮ್ಮ ಹುಡುಗಿ ಸೆಲೆಕ್ಟ್ ಆಗಿದ್ದಾಳೆ, ನಮ್ಮ ಸ್ಕೂಲಿನಿಂದ ಇವಳೊಬ್ಬಳೇ, ಇಲ್ಲೊಂದು ಸಂತಕಂ, ಅಂದರೆ ರುಜು, ಹಾಕಿ ಅಂತ ತೆಲುಗಿನಲ್ಲಿ ಹೇಳಿ ಒಂದು ಕಾಗದ ಕೊಟ್ಟರು. "ಅವಳಿಗೆ ನಾನಿನ್ನೂ ಹೇಳಿಲ್ಲ. ಅಪ್ಪನ ಬಾಯಿಂದ ಕೇಳಿದರೆ ಖುಷಿಪಡ್ತಾಳೆ" ಅಂದರು ಪುಣ್ಯಾತ್ಮ.

"ನೋಡಾನ ಸಾರ್" ಅಂದೆ. ಅವರು ಹೋದ ಮೇಲೆ ಕಾಗದ ಮಡಿಸಿ ಗಲ್ಲಾಪೆಟ್ಟಿಗೆಯ ತಳಕ್ಕೆ ಸೇರಿಸಿದೆ. ಬೇಡ ಅನ್ನೋ ಧೈರ್ಯ ನನಗಿರಲಿಲ್ಲ. ಬೇಡ ಅಂದರೆ ಯಾಕೆ ಅಂತ ಕೇಳುತ್ತಾಳೆ. ಚಡ್ಡಿ ಹಾಕಿಕೊಂಡು ಮಗಳು ಊರೂರು ಆಡೋಕೆ ಹೋದರೆ ನಮ್ಮೋರು ಏನಂತಾರೋ ಅನ್ನೋದು ಬಿಟ್ಟರೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಒಂದು ವಾರ ಕಳೀತು. ಸಾರಿಗೆ, "ಅವಳಿಗೇ ಇಷ್ಟ ಇಲ್ಲ, ಪರೀಕ್ಷೆಗೆ ಓದ್ಕೋಬೇಕಂತೆ, ನೀವು ಕೇಳಿ ಬಲವಂತ ಮಾಡಬ್ಯಾಡಿ" ಅಂತ ಹೇಳಿ ಕಳಿಸಿದೆ. ಮಗಳಿಗೆ, "ಕ್ಯಾಂಪಿನ ಲಿಸ್ಟ್ ಬಂದೈತಂತೆ ಕಣಮ್ಮ, ನಿನ್ನೆಸರು ಇಲ್ವಂತೆ" ಅಂದೆ.

ಅವಳು "ಹೌದಾ" ಅಂದಳು. ಒಳಗೆ ಹೋಗಿ ಬೂಟುಗಳನ್ನು ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲೆ ಎಸೆದಳು. ಆ ಬೇಸಿಗೆಯಲ್ಲೇ ಸಾರಿಗೂ ಬೇರೆ ಊರಿಗೆ ವರ್ಗವಾಯ್ತು. ಸದ್ಯ, ಬದುಕಿದೆ ಅಂದುಕೊಂಡೆ. ಥೂ, ನಾಚಿಕೆಗೇಡು ನೋಡಿ, ಹಾಗೇ ಅಂದುಕೊಂಡೆ.

ಆಮೇಲೆ ಅವಳ ಮುಖ ನೋಡಿ ಮಾತಾಡೋಕೆ ನನಗೆ ಆಗಲಿಲ್ಲ. ಅವಳು ಊಟಕ್ಕೆ ಕೂತರೆ ನಾನು ಎದ್ದು ಹೋಗುತ್ತಿದ್ದೆ. ಅಪ್ಪನೇ ಮಾತಾಡದಿದ್ದರೆ ಮಗಳು ಎಷ್ಟು ದಿನ ಅಂತ ಒಬ್ಬಳೇ ಮಾತಾಡ್ತಾಳೆ? ಓದಿದಳು, ಮದುವೆಯಾದಳು, ಕಲ್ಯಾಣದುರ್ಗಕ್ಕೆ ಹೋದಳು. ಆ ಕಾಗದ ಬಚ್ಚಿಟ್ಟು ಹದಿನೆಂಟು ವರ್ಷ ಆಯ್ತು. ಹುಣಸೆ ಮುಪ್ಪಾದರೂ ಹುಳಿ ಮುಪ್ಪಾಗಲ್ಲ ಅಂತಾರಲ್ಲ, ಆ ಸುಳ್ಳೂ ಹಂಗೇ ಇತ್ತು. ಆ ಕಾಗದವನ್ನೂ ನಾನು ಎಸೆದಿರಲಿಲ್ಲ. ವ್ಯಾಪಾರದವರ ಬುದ್ಧಿ, ಬರೆದ ಕಾಗದ ಎಸೆಯೋಕೆ ಕೈ ಬರೋದಿಲ್ಲ.

ಲೀಗಿಗೆ ಸೇರುವ ಮುಂಚೆ ಕಂಟ್ರೋಲರ್ ಹಿಡಿಯೋದು ಕಲಿಯೋಕೆ ಅಂತ ಎರಡು ದಿನ ಮಗಳ ಮನೆಗೆ ಹೋಗಿದ್ದೆ. ಪಾವಗಡದ ಮೇಲೆ ಹೋಗೋ ಬಸ್ಸು ಆಂಧ್ರದಲ್ಲಿ ಹೊರಟು, ಮಧ್ಯೆ ಕರ್ನಾಟಕಕ್ಕೆ ನುಗ್ಗಿ, ತಿರುಗಿ ಆಂಧ್ರಕ್ಕೆ ಬರುತ್ತದೆ. ಜೇಬಿನಲ್ಲಿ ಆ ಕಾಗದ ಇತ್ತು. ಈ ಸಲ ಅವಳ ಕೈಗೆ ಕೊಟ್ಟುಬಿಡಾನ ಅಂತ ಹೊರಟಿದ್ದೆ. ಪಾವಗಡದಲ್ಲಿ ಟೀ ಕುಡಿಯೋವರೆಗೂ ಧೈರ್ಯ ಇತ್ತು. ಕಲ್ಯಾಣದುರ್ಗದ ಬಸ್‌ಸ್ಟಾಂಡಿನಲ್ಲಿ ಇಳಿಯುವಾಗ ಇರಲಿಲ್ಲ.

ಈ ಆಟದಲ್ಲಿ ನಮ್ಮ ಆಟಗಾರನನ್ನು ಮೊದಲು ನಾವೇ ಮಾಡಿಕೊಳ್ಳಬೇಕು. ಎತ್ತರ, ಓಟ, ಒದೆಯೋ ಬಲ, ಎಲ್ಲಕ್ಕೂ ಇಷ್ಟಿಷ್ಟು ಅಂತ ಅಂಕ ಹಂಚಬೇಕು. ಅಳಿಯ ನನಗೊಬ್ಬ ಉದ್ದನೆಯ ಕೀಪರನ್ನು ಮಾಡಿಕೊಟ್ಟ, ಮೀಸೆ ಸಮೇತ. "ನಿಂದು ತೋರ್ಸಮ್ಮ" ಅಂತ ಮಗಳನ್ನು ಕೇಳಿದೆ. ಅವಳದು ಹತ್ತನೇ ನಂಬರು, ಜಡೆ ಕಟ್ಟಿದ ಹುಡುಗಿ. ಓಟಕ್ಕೆ ತುಂಬ ಅಂಕ ಇಟ್ಟಿದ್ದಳು, ಬಲಗಾಲಿಗೆ ತುಂಬ ಇಟ್ಟಿದ್ದಳು. ಎಡಗಾಲಿಗೆ ಮಾತ್ರ ಎಷ್ಟು ಕಡಿಮೆ ಇಡೋಕೆ ಸಾಧ್ಯವೋ ಅಷ್ಟು ಕಡಿಮೆ.

"ಎಡಗಾಲಿಗೆ ಯಾಕಮ್ಮ ಏನೂ ಇಟ್ಟಿಲ್ಲ?"

"ನನ್ ಎಡಗಾಲು ವೀಕು ಕಣಪ್ಪ. ಅದಕ್ಕೇ ಅಲ್ವಾ ಅವತ್ತು ಕ್ಯಾಂಪಿಗೆ ತಗೊಳ್ದೆ ಇದ್ದಿದ್ದು? ನಾನಿರೋ ಹಂಗೇ ಮಾಡ್ಕೊಂಡಿವ್ನಿ."

ಅವಳು ನಗುನಗುತ್ತಲೇ ಹೇಳಿದಳು. ನನ್ನ ಜೇಬಿನ ಕಾಗದದ ಕೊನೆಯಲ್ಲಿ ಪಿ.ಇ.ಟಿ. ಸಾರು ಸ್ವಂತ ಕೈಯಲ್ಲಿ ಒಂದು ಸಾಲು ಬರೆದಿದ್ದರು. ಅದು ನನಗೆ ಬಾಯಿಪಾಠ. 'ಎಡಮ ಕಾಲು ಚಾಲಾ ಬಾಗುಂದಿ.' ಎಡಗಾಲು ತುಂಬಾ ಚೆನ್ನಾಗಿದೆ ಅಂತ. ನಾನು ಹೇಳಿದ್ದು ಹೆಸರಿಲ್ಲ ಅನ್ನೋ ಒಂದೇ ಸುಳ್ಳು. ಯಾಕಿಲ್ಲ ಅನ್ನೋದಕ್ಕೆ ಕಾರಣವನ್ನು ಆ ಮಗು ತಾನೇ ಹುಡುಕಿಕೊಂಡು, ತನ್ನ ಕಾಲಿನ ಮೇಲೇ ಹಾಕಿಕೊಂಡು, ಹದಿನೆಂಟು ವರ್ಷ ನಂಬಿಕೊಂಡು ಬಂದಿತ್ತು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನ ಹಾಗೆ ಎರಡು ದಿನ ಆ ಮನೆಯಲ್ಲಿದ್ದು, ಕಾಗದವನ್ನು ಹಾಗೇ ವಾಪಸ್ ತಂದೆ.

ಮೊದಲ ಮ್ಯಾಚು ಸೋತ ಮೇಲೆ ಮಗಳು ಬೈಯಲಿಲ್ಲ. ಮೆಲ್ಲಗೆ ಹೇಳಿದಳು: "ಅಪ್ಪಾ, ಕೀಪರಿಗೆ ಇಡೀ ಗ್ರೌಂಡು ಕಾಣ್ತದೆ. ನಮಗೆ ಎದುರಿಗಿರೋದಷ್ಟೇ. ನೀನು ಕಂಡಿದ್ದನ್ನ ಹೇಳ್ದೆ ಇದ್ರೆ ನಾವೆಲ್ಲ ಕುರುಡ್ರು. ಆ ಟವಲು ತೆಗೆದು ಅಮ್ಮನ ಕೈಗೆ ಕೊಡು."

ಅಂದಿನಿಂದ ಭಾನುವಾರ ಐದಕ್ಕೆ ಸರಿಯಾಗಿ ನನ್ನ ಹೆಂಡತಿ ಬಂದು ಟವಲನ್ನು ಹೆಗಲಿಂದ ಕಿತ್ತುಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ನಾನು ಮಾತು ಕಲಿತೆ. ಮೊದಮೊದಲು ಒಂದೊಂದೇ ಮಾತು. ಆಮೇಲೆ ಏನು ಕೇಳ್ತೀರಿ, ಬಾಯಿ ಬಿದ್ದುಹೋಗೋ ಹಾಗೆ ಕೂಗುತ್ತಿದ್ದೆ. "ಎಡಮ ಎಡಮ! ವೆನಕ ಚೂಡ್ರಾ, ಹಿಂದೆ ನೋಡ್ಲಾ, ಬಂದ್ಬುಟ್ಟ ಕಣ್ಲಾ!" ಬೀದಿಯಲ್ಲಿ ಹೋಗೋರು ಮನೆಯಲ್ಲಿ ಜಗಳ ಅಂತ ಬಗ್ಗಿ ನೋಡೋರು. ಚಿಲಮತ್ತೂರಿನ ಹೈವೇ ಪಕ್ಕ ಢಾಬಾ ಇಟ್ಟವನೊಬ್ಬ ನಮ್ಮ ಡಿಫೆಂಡರ್. ಅವನು ಒಲೆ ಮುಂದೆಯೇ ಕೂತು ಆಡೋದು. ಒಗ್ಗರಣೆ ಸಿಡಿದ ಸದ್ದು ಕೇಳಿದರೆ ಗಿರಾಕಿ ಬಂದವ್ರೆ, ಈ ಕಡೆ ಕಾಯೋಕೆ ಯಾರೂ ಇಲ್ಲ ಅಂತ ನಾನು ಮೊದಲೇ ಎಚ್ಚರಿಸುತ್ತಿದ್ದೆ. ಹೀಗೆ ಒಂದು ಸಲ ಎಚ್ಚರಿಸಿದ್ದಕ್ಕೆ ಮಗಳು ಕಿಸಕ್ಕನೆ ನಕ್ಕಳು. ಹದಿನೈದರ ವಯಸ್ಸಿನ ನಗುವೇ ಅದು. ಮ್ಯಾಚ್ ಮುಗಿದ ಮೇಲೂ ಹೆಡ್‌ಫೋನ್ ತೆಗೆಯೋಕೆ ಮನಸ್ಸು ಬರಲಿಲ್ಲ.

ನಿಜ ಹೇಳಬೇಕು ಅಂದರೆ, ಆಗಿನಿಂದ ಭಯ ಜಾಸ್ತಿಯಾಯಿತು. ಮೊದಲು ಕಳಕೊಳ್ಳೋಕೆ ನನ್ನ ಹತ್ತಿರ ಇದ್ದದ್ದು ಮೂರು ಮಾತು. ಈಗ ವಾರಕ್ಕೆ ಒಂದು ಗಂಟೆ ಇತ್ತು. ಹೇಳಿದರೆ ಅದೂ ಹೋಗುತ್ತದೆ. ಹೇಳದಿದ್ದರೆ ಅವಳ ಎಡಗಾಲು ಹಾಗೇ ಉಳಿಯುತ್ತದೆ. ಎದುರು ಗೋಲಿನ ಮುಂದೆ ಎಡಕ್ಕೆ ಚೆಂಡು ಸಿಕ್ಕಾಗಲೆಲ್ಲ ಅವಳು ಬಲಗಾಲಿಗೆ ತಂದುಕೊಳ್ಳೋಕೆ ಹೋಗಿ ಸಮಯ ಕಳೆಯೋಳು, ಯಾರಾದರೂ ಬಂದು ಕಿತ್ತುಕೊಳ್ಳೋರು. 

ಅಷ್ಟಾದರೂ ಅವಳ ಆಟ ಚೆನ್ನಾಗಿತ್ತು. ಲೀಗು ನಡೆಸೋರು ಅವಳಿಗೆ ಮೆಸೇಜ್ ಕಳಿಸಿದರು. ಮೇಲಿನ ಡಿವಿಜನ್ನಿನ ಟೀಮಿಗೆ ಟ್ರಯಲ್ ನಡೆಯುತ್ತೆ, ತಿಂಗಳ ಕೊನೆಯೊಳಗೆ ಫಾರಂ ತುಂಬಿ ಕಳಿಸಿ ಅಂತ. ಆ ಭಾನುವಾರ ಅರ್ಧ ಆಟ ಮುಗಿದು ವಿರಾಮ ಇತ್ತು. ಢಾಬಾದವನು ಕೇಳಿದ: "ಅಕ್ಕಾ, ಫಾರಂ ಹಾಕಿದ್ಯಾ?"

"ಬ್ಯಾಡ ಬುಡಪ್ಪ" ಅಂದಳು ನನ್ನ ಮಗಳು. "ಚಿಕ್ಕೋಳಿದ್ದಾಗ ಒಂದ್ಸಲ ಆಸೆ ಪಟ್ಟು, ಲಿಸ್ಟಲ್ಲಿ ಹೆಸರಿಲ್ಲ ಅನ್ನಿಸ್ಕೊಂಡಿವ್ನಿ. ಅಷ್ಟು ಸಾಕು. ನಾನೆಷ್ಟರೋಳು ಅಂತ ನಂಗೊತ್ತು."

ನನ್ನ ಕೈ ತೊಡೆಯ ಮೇಲೆ ಟವಲು ಹುಡುಕಿತು. ಟವಲು ಅಡುಗೆಮನೆಯಲ್ಲಿತ್ತು. ಬರಿಗೈ, ಬಾಯಿಯ ಮುಂದೆ ಮೈಕು, ಕಿವಿಯಲ್ಲಿ ಹತ್ತು ಜನರ ಉಸಿರು. ಈಗ ಸುಮ್ಮನಿದ್ದರೆ ಎರಡನೇ ಸಲ ಅದೇ ಕೆಲಸ ಮಾಡಿದ ಹಾಗೆ.

"ನಿನ್ನೆಸರು ಬಂದಿತ್ತು ಕಣಮ್ಮ" ಅಂದೆ.

"ಯಾವುದರಲ್ಲಿ ಅಪ್ಪಾ?"

"ಆ ಕ್ಯಾಂಪಿನ ಲಿಸ್ಟಲ್ಲಿ. ನಿಮ್ಮ ಸ್ಕೂಲಿಂದ ನಿಂದೊಂದೇ ಹೆಸರು. ಸಾರು ಮಂಡಿಗೇ ತಂದುಕೊಟ್ಟಿದ್ರು. ನಾನು ಸಂತಕಂ ಹಾಕ್ಲಿಲ್ಲ. ಬಚ್ಚಿಟ್ಟೆ. ನಿಂಗೆ ಸುಳ್ಳು ಹೇಳ್ಬುಟ್ಟೆ. ನಿನ್ನ ಎಡಗಾಲು ವೀಕಲ್ಲ ಕಣಮ್ಮ, ನಿಮ್ಮಪ್ಪನ ಎದೆ ವೀಕು."

 ಢಾಬಾದವನ ಒಲೆಯೂ ಸುಮ್ಮನಾಗಿತ್ತು. ಎರಡನೇ ಅರ್ಧ ತಾನಾಗಿ ಶುರುವಾಯ್ತು. ಚೆಂಡು ಉರುಳಿಕೊಂಡು ಹತ್ತನೇ ನಂಬರಿನ ಕಾಲ ಹತ್ತಿರವೇ ಹೋಯಿತು. ಜಡೆ ಕಟ್ಟಿದ ಆ ಹುಡುಗಿ ಕದಲಲಿಲ್ಲ. ಎದುರಾಳಿಗಳು ಅವಳ ಸುತ್ತ ಓಡಿದರು, ಅವಳು ಮೈದಾನದ ಮಧ್ಯೆ ನೆಟ್ಟಗೆ ನಿಂತೇ ಇದ್ದಳು. ಕಂಟ್ರೋಲರ್ ಕೈಯಿಂದ ಕೆಳಗಿಟ್ಟರೆ ಹಾಗೆ ನಿಲ್ಲುತ್ತದೆ ಅಂತ ನನಗೆ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳ ಹೆಸರು ಟಿವಿಯಿಂದ ಅಳಿಸಿಹೋಯಿತು. ನಾವು ಹತ್ತು ಜನ ಉಳಿದೆವು. ನನಗೆ ಆಮೇಲೆ ನಾಲ್ಕು ಗೋಲು ಬಿದ್ದವು.

ಅಡುಗೆಮನೆ ಬಾಗಿಲಲ್ಲಿ ನನ್ನ ಹೆಂಡತಿ ಟವಲು ಹಿಡಿದುಕೊಂಡು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಹದಿನೆಂಟು ವರ್ಷ ನನ್ ಕೈಲಿ ಉಂಡ್ರಲ್ರೀ" ಅಂದಳು. "ಒಂದಿನಾನೂ ಗಂಟಲಲ್ಲಿ ಸಿಕ್ಕೊಳ್ಳಿಲ್ವಾ?"  ಅವತ್ತಿಂದ ತಟ್ಟೆಯನ್ನು ಮುಂದೆ ಕುಕ್ಕಿ ಹೋಗುತ್ತಿದ್ದಳು, ಅಷ್ಟೇ ಮಾತು.

ಮೂರು ಭಾನುವಾರ ಮಗಳು ಬರಲಿಲ್ಲ. ಫೋನೂ ಇಲ್ಲ, ಆ ಮೂರು ಮಾತೂ ಇಲ್ಲ. "ಏನೂ ಹೇಳ್ತಿಲ್ಲ ಮಾ‌ವಾ. ಕೆಲಸ ಮಾಡ್ತಾಳೆ, ಸುಮ್ಕೆ ಕೂತ್ಕೋತಾಳೆ" ಅಂದ ಅಳಿಯ. ಅವಳ ಜಾಗಕ್ಕೆ ಬೇರೆ ಯಾರನ್ನೋ ಕರೆತಂದಿದ್ದ. ನಾನು ಐದಕ್ಕೆ ಸರಿಯಾಗಿ ಕೂತೆ, ಕೂಗಿದೆ, ಚೆಂಡು ತಡೆದೆ. ಕೆಟ್ಟ ಮೇಲೆ ಬುದ್ಧಿ ಬಂತು ಅಂತ ಯಾರಾದರೂ ಅಂದರೆ ಅನ್ನಲಿ. ಕಂಡಿದ್ದನ್ನ ಹೇಳೋನು ಅಲ್ಲಿ ನಾನೊಬ್ಬನೇ ಇದ್ದೆ.

ನಾಲ್ಕನೇ ವಾರದ ಸೋಮವಾರ. ಹುಣಸೆಹಣ್ಣಿನ ಸುಗ್ಗಿ, ಯಾರ್ಡಿನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ತಲೆಯೆತ್ತಿ ನೋಡಿದರೆ ಚೀಲಗಳ ಮಧ್ಯೆ ನನ್ನ ಮಗಳು. ಮೊದಲ ಬಸ್ಸಿಗೇ ಹತ್ತಿದ್ದಳು ಅಂತ ಕಾಣುತ್ತೆ, ತಲೆಯೆಲ್ಲ ಧೂಳು.

"ಎಲ್ಲೈತೆ?" ಅಂದಳು.

ಏನು ಅಂತ ಕೇಳಲಿಲ್ಲ. ಗಲ್ಲಾಪೆಟ್ಟಿಗೆಯ ತಳದಿಂದ ತೆಗೆದುಕೊಟ್ಟೆ. ನಿಂತಲ್ಲೇ ಬಿಡಿಸಿ ಓದಿದಳು. ಕೊನೆಯ ಸಾಲಿನ ಮೇಲೆ ಅವಳ ಬೆರಳು ನಿಂತಿತು.  ಎಷ್ಟೋ ಹೊತ್ತು ಆ ಬೆರಳು ಅಲ್ಲಿಂದ ಏಳಲಿಲ್ಲ.

"ತಪ್ಪಾಯ್ತು ಕಣಮ್ಮ" ಅಂದೆ. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು.

ಅವಳು ಕಾಗದವನ್ನು ಗಲ್ಲಾಪೆಟ್ಟಿಗೆಯ ಮೇಲೆ ಹಾಸಿ, 'ತಂಡ್ರಿ ಸಂತಕಂ' ಅಂತ ಅಚ್ಚಾಗಿದ್ದ ಖಾಲಿ ಗೆರೆ ತೋರಿಸಿದಳು. ತಂದೆಯ ರುಜು ಹಾಕುವ ಜಾಗ. "ಹಾಕು."

"ಈಗ ಯಾತಕ್ಕಮ್ಮ?"

"ಯಾತಕ್ಕೂ ಅಲ್ಲ. ಹಾಕು."

ಹಾಕಿದೆ. ದಿನಕ್ಕೆ ನೂರು ಸಲ ಹಾಕೋ ಸಂತಕಂ, ಅವತ್ತು ಸೊಟ್ಟಗೆ ಬಂತು. "ಆ ಲೀಗಿನ ಫಾರಂ ಏನಾಯ್ತಮ್ಮ?" ಅಂತ ಮೆಲ್ಲಗೆ ಕೇಳಿದೆ.

"ನೆನ್ನೆ ಹಾಕ್ದೆ. ಅದಕ್ಕೆ ನಿನ್ನ ಸಂತಕಂ ಬೇಕಾಗಿರ್ಲಿಲ್ಲ." ಕಾಗದ ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. "ಈಗ ಬಾಯಲ್ಲಿ ಹೇಳು" ಅಂದಳು.

"ಏನ್ ಹೇಳ್ಲಿ?"

"ಅವತ್ತು ಸಾರಿಗೆ ಏನ್ ಹೇಳ್ಬೇಕಿತ್ತೋ, ಅದು."

ಸುತ್ತ ನಮ್ಮ ಸಾಲಿನವರೆಲ್ಲ ಇದ್ದರು. ಯಾರು ಏನಂತಾರೋ ಅಂತ ಅವತ್ತು ನಾನು ಹೆದರಿದ್ದೆನಲ್ಲ, ಅವರೇ. ನನ್ನ ಕೈ ಹಾಳು ಅಭ್ಯಾಸಕ್ಕೆ ಹೆಗಲ ಮೇಲಿನ ಟವಲಿಗೆ ಹೋಯಿತು. ಅವಳು ಅದನ್ನು ಎಳೆದುಕೊಂಡು ತನ್ನ ಹೆಗಲ ಮೇಲೆ ಹಾಕಿಕೊಂಡಳು.

"ಕಳಿಸ್ತೀನಿ ಸಾರ್" ಅಂದೆ.

"ಕೇಳಿಸ್ಲಿಲ್ಲ."

ಎದ್ದು ನಿಂತೆ. ಭಾನುವಾರ ಐದು ಗಂಟೆಗೆ ಕೂಗುವಷ್ಟೇ ಜೋರಾಗಿ ಕೂಗಿದೆ: "ನನ್ ಮಗಳ್ನ ಕ್ಯಾಂಪಿಗೆ ಕಳಿಸ್ತೀನಿ ಸಾರ್!"

ಚೀಲ ಹೊರುತ್ತಿದ್ದವರು, ಬೆಲೆ ಕೂಗುತ್ತಿದ್ದವರು, ನಮ್ಮ ಹಳೇ ದಲ್ಲಾಳಿಗಳು, ಎಲ್ಲ ನಿಂತು ನನ್ನ ಮುಖ ನೋಡಿದರು. ನೋಡಿಕೊಳ್ಳಲಿ ಅಂತ ಹಾಗೇ ನಿಂತೆ. ನನ್ನ ಮಗಳು ಟವಲಿನಿಂದ ಮುಖ ಒರೆಸಿಕೊಂಡಳು.